ಪರದೇಶದ ಅತಿಥಿಯೂ ನಮ್ಮ ಮನೆಯ ಪಂಕ್ತಿಯೂ

'ಊಟ ತನ್ನಿಚ್ಛೆ, ನೋಟ ಪರರಿಚ್ಛೆ' ಎಂಬ ಗಾದೆಯನ್ನು ನಾವೆಲ್ಲರೂ ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇವೆ. ಸ್ವಂತ ಮನೆಯ ಮಟ್ಟಿಗೆ ಇದು ಸರಿಯಾದ ಮಾತೇ. ಆದರೆ ಪರರ ಮನೆಯಲ್ಲಿ, ಅದರಲ್ಲಿಯೂ ಪರದೇಶದ ಪಂಕ್ತಿಯಲ್ಲಿ ಕುಳಿತಾಗ ಊಟವು ತನ್ನಿಚ್ಛೆಯದಾಗಿ ಉಳಿಯುವದಿಲ್ಲ. ಅಲ್ಲಿ ಕೈ ಮುಂದೆ ಚಾಚುವದಕ್ಕೂ ಹಿಂದೆ ಸರಿಸುವದಕ್ಕೂ ಒಂದೊಂದು ಅರ್ಥವುಂಟು. ಉಣ್ಣುವವನ ಮನಸ್ಸಿನಲ್ಲಿ ಒಂದು ಅರ್ಥವಿದ್ದರೆ ಬಡಿಸುವವಳ ಮನಸ್ಸಿನಲ್ಲಿ ಬೇರೊಂದು ಮೂಡುವದೂ ಉಂಟು. ಹಾಗಾದಾಗ ಯಾರ ತಪ್ಪೂ ಇಲ್ಲದೆ ಒಂದು ಜೀವವು ನೊಂದುಕೊಳ್ಳುತ್ತದೆ. ಕಳೆದ ಪುಷ್ಯಮಾಸದಲ್ಲಿ ನಮ್ಮ ಮನೆಗೆ ಬಂದಿದ್ದ ಅತಿಥಿಯೊಬ್ಬರಿಂದ ನಾನು ಕಲಿತ ಪಾಠವನ್ನು ವಾಚಕ ಭಗಿನಿಯರ ಮುಂದೆ ಇಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ನಮ್ಮ ಮನೆ ಬೈಲಹೊಂಗಲದಲ್ಲಿದೆ. ನನ್ನ ತಂಗಿಯ ಮಗನು ಎಂಜಿನಿಯರನಾಗಿ ಕೆಲವು ವರುಷಗಳಿಂದ ದಕ್ಷಿಣ ಕೊರಿಯಾ ದೇಶದ ರಾಜಧಾನಿಯಾದ ಸಿಯೋಲ್ ನಗರದಲ್ಲಿದ್ದಾನೆ. ಈ ಸಲ ರಜೆಯಲ್ಲಿ ಬರುವಾಗ ತನ್ನೊಡನೆ ಕೆಲಸ ಮಾಡುವ, ತನಗಿಂತ ಹತ್ತು ವರುಷ ಹಿರಿಯರಾದ ಕೊರಿಯಾದ ಗೃಹಸ್ಥರೊಬ್ಬರನ್ನು ಕರೆದುಕೊಂಡು ಬರುವೆನೆಂದು ತಿಳಿಸಿದನು. ಮನೆಯಲ್ಲಿ ದೊಡ್ಡ ಗಡಿಬಿಡಿಯೇ ಆಯಿತು. ಕುರ್ಚಿ ಮೇಜು ತರಿಸಬೇಕೆ, ಚಮಚ ತೆಗೆದಿಡಬೇಕೆ, ಖಾರ ಕಡಿಮೆ ಮಾಡಬೇಕೆ ಎಂದು ನಾವೆಲ್ಲ ಚರ್ಚಿಸುತ್ತಿರಲು, ಎಂಬತ್ತನ್ನು ದಾಟಿದ ನಮ್ಮ ಅತ್ತೆಯವರು ಮಾತ್ರ, "ಅವರೂ ಉಣ್ಣೋ ಮಂದೀನ ಹೌದಲ್ಲೊ? ಬರಲಿ" ಎಂದು ಒಂದೇ ಮಾತಿನಲ್ಲಿ ಮುಗಿಸಿದರು.

ನನ್ನ ತಂಗಿಯ ಮಗನು ಹಿಂದಿನ ದಿನವೇ ಕುಳಿತು, ತಾನು ಅಲ್ಲಿಗೆ ಹೊಸದಾಗಿ ಹೋದಾಗ ಪಟ್ಟ ಪಾಡನ್ನು ನಮಗೆ ಹೇಳಿದನು. ಆ ದೇಶದಲ್ಲಿ ಪಂಕ್ತಿಯ ಹಿರಿಯರು ಚಮಚವನ್ನು ಎತ್ತುವ ತನಕ ಕಿರಿಯರು ತುತ್ತು ಎತ್ತುವದಿಲ್ಲ. ಅನ್ನವನ್ನೂ ಸಾರನ್ನೂ ಚಮಚದಿಂದಲೇ ತೆಗೆದುಕೊಳ್ಳಬೇಕು; ಪಲ್ಯಗಳಿಗೆ ಲೋಹದ ಕಡ್ಡಿಗಳು. ನೆರೆಯ ಜಪಾನಿನಲ್ಲಿ ಅನ್ನದ ಬಟ್ಟಲನ್ನು ಕೈಯಲ್ಲಿ ಎತ್ತಿಕೊಂಡು ಉಣ್ಣುವದು ಸಭ್ಯತೆಯಾದರೆ, ಕೊರಿಯಾದಲ್ಲಿ ಬಟ್ಟಲು ನೆಲೆ ಬಿಟ್ಟು ಏಳಬಾರದು. ಹಿರಿಯರಿಗೆ ಏನನ್ನು ಕೊಡುವಾಗಲೂ ಅವರಿಂದ ಪಡೆಯುವಾಗಲೂ ಎರಡೂ ಕೈಗಳನ್ನು ಉಪಯೋಗಿಸಬೇಕು. ಪಾನೀಯವನ್ನು ತನಗೆ ತಾನೇ ಸುರಿದುಕೊಳ್ಳಬಾರದು. ಪಕ್ಕದವರ ಲೋಟವನ್ನು ತಾನು ನೋಡಿಕೊಳ್ಳಬೇಕು, ತನ್ನದನ್ನು ಅವರು ನೋಡಿಕೊಳ್ಳುತ್ತಾರೆ.

ಇವೊಂದೂ ತಿಳಿಯದ ನಮ್ಮ ಹುಡುಗನು ಮೊದಲ ಸಲ ಒಬ್ಬರ ಮನೆಗೆ ಊಟಕ್ಕೆ ಹೋದಾಗ, ಮಾತಿನ ಭರದಲ್ಲಿ ತನ್ನ ಎರಡೂ ಕಡ್ಡಿಗಳನ್ನು ಅನ್ನದ ನಡುವೆ ನೆಟ್ಟಗೆ ಚುಚ್ಚಿ ನಿಲ್ಲಿಸಿಬಿಟ್ಟನಂತೆ. ಆ ಮನೆಯ ಮುದುಕಿಯ ಮುಖವು ಒಮ್ಮೆಲೆ ಕಪ್ಪಿಟ್ಟಿತು. ಅನ್ನದಲ್ಲಿ ಹಾಗೆ ನೆಡುವದು ಅವರಲ್ಲಿ ಸತ್ತವರಿಗೆ ಎಡೆಯಿಡುವಾಗಿನ ಲಕ್ಷಣವು. ಮನೆಯ ಯಜಮಾನರು ಏನೂ ಅನ್ನದೆ ಮೆಲ್ಲಗೆ ಆ ಕಡ್ಡಿಗಳನ್ನು ತೆಗೆದು ಪಕ್ಕಕ್ಕಿಟ್ಟು ಮಾತನ್ನು ಮುಂದುವರಿಸಿದರು. "ದೊಡ್ಡವ್ವಾ, ಅವರು ಬೈದಿದ್ದರ ನಾ ಮರತೇನ ಬಿಡತಿದ್ದೆ, ಬೈಲಿಲ್ಲಂತ ಇನ್ನೂ ನೆನಪೈತಿ" ಎಂದನು. ನಾಳೆ ಬರುವ ಅತಿಥಿಗಳೇ ಆ ಯಜಮಾನರು!

ಇನ್ನೊಂದು ಸಂಗತಿಯನ್ನೂ ಅವನು ಹೇಳಿದನು. ನಮ್ಮ ಮನೆತನದವರು ಮಾಂಸವನ್ನು ಮುಟ್ಟುವದಿಲ್ಲ. ಕೊರಿಯಾದ ಸಾರಿನಲ್ಲಿ ಮೀನಿನ ರಸವಿರುವದು, ನಿತ್ಯದ ಉಪ್ಪಿನಕಾಯಿಯಂತಿರುವ ಕಿಮ್ಚಿಯಲ್ಲಿ ಕೂಡ ಮೀನಿನ ಅಥವಾ ಸೀಗಡಿಯ ಅಂಶವಿರುವದು ಸಾಮಾನ್ಯ. ಬಡಿಸಿದ ಮೇಲೆ ಬೇಡವೆಂದರೆ ಅಡಿಗೆ ಮಾಡಿದವರಿಗೆ ಅಪಮಾನ. ಆದುದರಿಂದ ಅವನು ಮುಂದೆ ಕರೆ ಬಂದ ಕೂಡಲೆ ತನ್ನ ವ್ರತವನ್ನು ಮೊದಲೇ ತಿಳಿಸತೊಡಗಿದನು. ಅಲ್ಲಿಯ ಬೌದ್ಧ ವಿಹಾರಗಳಲ್ಲಿ ಮಾಂಸವೂ ಬೆಳ್ಳುಳ್ಳಿ ಉಳ್ಳಾಗಡ್ಡಿಗಳೂ ಇಲ್ಲದ ಅಡಿಗೆಯ ಸಂಪ್ರದಾಯವು ಬಹು ಕಾಲದಿಂದ ನಡೆದು ಬಂದಿರುವದರಿಂದ, ಅವನ ಮಾತು ಅವರಿಗೆ ಸುಲಭವಾಗಿ ತಿಳಿಯಿತು. ಅದೇ ಮುದುಕಿಯು ಅವನಿಗಾಗಿ ಬೇರೆ ಬೇರೆ ಕಾಯಿಪಲ್ಯಗಳನ್ನು ಅನ್ನದ ಮೇಲೆ ಜೋಡಿಸಿ ಕಲಸಿಕೊಳ್ಳುವ 'ಬಿಬಿಂಬಾಪ್' ಎಂಬ ಪದಾರ್ಥವನ್ನು ಮಾಡಿ ಬಡಿಸಿದಳಂತೆ. ಮೊದಲೇ ಕಾರಣ ಹೇಳಿದ 'ಬೇಡ' ಯಾರನ್ನೂ ನೋಯಿಸುವದಿಲ್ಲ. ಈ ಮಾತನ್ನು ನಾನು ಅಂದು ತಲೆಯಾಡಿಸಿ ಕೇಳಿದೆನು. ಆದರೆ ಅದು ಮನಸ್ಸಿಗೆ ಇಳಿದದ್ದು ಮೂರು ದಿನಗಳ ನಂತರ.

ಅತಿಥಿಗಳು ಬಂದರು. ಕುರ್ಚಿ ಮೇಜುಗಳ ನಮ್ಮ ಚಿಂತೆಯೆಲ್ಲ ವ್ಯರ್ಥವಾಯಿತು. ಹೊಸ್ತಿಲಿನಲ್ಲಿಯೇ ಪಾದರಕ್ಷೆಗಳನ್ನು ಬಿಟ್ಟು, ಒಳಗೆ ಬಂದು ಅತ್ತೆಯವರ ಮುಂದೆ ನಡು ಬಾಗಿಸಿ ವಂದಿಸಿ, ಜಮಖಾನೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತುಬಿಟ್ಟರು. ಅವರ ದೇಶದಲ್ಲಿಯೂ ಮನೆಯೊಳಗೆ ಜೋಡು ಮೆಟ್ಟುವದಿಲ್ಲ; ಬೆಚ್ಚಗೆ ಕಾಯಿಸಿದ ನೆಲದ ಮೇಲೆ ಕುಳಿತು ಉಣ್ಣುವ, ಮಲಗುವ ರೂಢಿಯು ಪುರಾತನವಾದದ್ದು. ನಮ್ಮ ಕಂಚಿನ ಗಂಗಾಳವನ್ನು ಬೆರಳಿನಿಂದ ಬಡಿದು, ಅದರ ನಾದವನ್ನು ಕೇಳಿ, ತಮ್ಮಲ್ಲಿಯೂ ಇಂಥ ಕಂಚಿನ ಬಟ್ಟಲುಗಳುಂಟೆಂದು ಸಂತೋಷಪಟ್ಟರು. ಖಾರದ ವಿಷಯದಲ್ಲಂತೂ ನಾವು ಅಂಜಬೇಕಾಗಿರಲಿಲ್ಲ. ಕೆಂಪು ಮೆಣಸಿನಕಾಯಿಯು ಅವರ ನಾಡಿಗೂ ನಮ್ಮ ನಾಡಿಗೂ ಅಮೇರಿಕಾ ಖಂಡದಿಂದ ಕೆಲವು ಶತಮಾನಗಳ ಹಿಂದೆಯಷ್ಟೇ ಬಂದ ಅತಿಥಿಯು. ಈಗ ಅದಿಲ್ಲದೆ ಇಬ್ಬರ ಮನೆಯಲ್ಲಿಯೂ ಒಲೆ ಹೊತ್ತುವದಿಲ್ಲ.

ಅತ್ತೆಯವರು ರೂಢಿಯಂತೆ, "ಊಟ ಆಗೇತೇನ್ರಿ?" ಎಂದು ಕೇಳಿದರು. ಅದನ್ನು ಹುಡುಗನು ತಿಳಿಸಿ ಹೇಳಲು ಅತಿಥಿಗಳು ನಕ್ಕರು. ಅವರಲ್ಲಿಯೂ ಕ್ಷೇಮಸಮಾಚಾರವನ್ನು 'ಅನ್ನ ಉಂಡಿರಾ?' ಎಂದೇ ಕೇಳುವ ರೂಢಿಯಿದೆಯಂತೆ! ಹಸಿವೆಯನ್ನು ಬಲ್ಲ ಜನಾಂಗಗಳಲ್ಲಿ ಇದಕ್ಕಿಂತ ದೊಡ್ಡ ಕುಶಲಪ್ರಶ್ನೆಯು ಮತ್ತಾವುದಿದ್ದೀತು? ನಾವು ಮಾತಿಗೊಮ್ಮೆ 'ರೀ' ಹಚ್ಚಿ ಬರ್ರಿ, ಕುಂದರ್ರಿ ಎಂದಂತೆ, ಅವರೂ ಮಾತಿನ ಕೊನೆಗೆ 'ಯೋ' ಎಂದು ಹಚ್ಚಿ ಮರ್ಯಾದೆ ತೋರುತ್ತಾರೆ. ವಯಸ್ಸು ತಿಳಿಯದೆ ಯಾವ ಮರ್ಯಾದೆಯ ಮಾತನ್ನು ಆಡಬೇಕೆಂಬುದು ತಿಳಿಯದ್ದರಿಂದ, ಹೊಸಬರನ್ನು ಕಂಡೊಡನೆ ವಯಸ್ಸನ್ನು ವಿಚಾರಿಸುವದು ಅವರಲ್ಲಿ ಒರಟುತನವಲ್ಲ. ನಾವು 'ಯಾವೂರು, ಯಾರ ಪೈಕಿ?' ಎಂದು ಕೇಳುವದೂ ಹೊರಗಿನವರಿಗೆ ಒರಟಾಗಿ ಕಂಡೀತಲ್ಲವೆ?

ಅಂದು ಹೋಳಿಗೆಯ ಅಡಿಗೆ. ಜೋಳದ ರೊಟ್ಟಿ, ಎಣಗಾಯಿ, ಮಡಿಕೆಕಾಳಿನ ಪಲ್ಯ, ಗುರೆಳ್ಳಿನ ಹಿಂಡಿ, ಶೇಂಗಾ ಹಿಂಡಿ, ಕೆಂಪು ಖಾರ, ಕೆನೆಮೊಸರು, ಕಟ್ಟಿನ ಸಾರು ಎಲ್ಲವೂ ಇದ್ದವು. ಅತಿಥಿಗಳು ಅತ್ತೆಯವರು ತುತ್ತು ಎತ್ತುವ ವರೆಗೆ ಕೈ ಕಟ್ಟಿ ಕುಳಿತರು. ಅತ್ತೆಯವರೋ ಅತಿಥಿಗಳು ಉಣ್ಣದೆ ತಾವು ಹೇಗೆ ಉಣ್ಣಲೆಂದು ಕುಳಿತರು! ರೊಟ್ಟಿ ಆರುತ್ತಿತ್ತು. ಕೊನೆಗೆ ಇಬ್ಬರೂ ಒಮ್ಮೆಗೇ ಆರಂಭಿಸತಕ್ಕದ್ದೆಂದು ಹುಡುಗನು ತೀರ್ಪು ಕೊಡಬೇಕಾಯಿತು.

ಬಳಿಕ ನಮ್ಮ ಕಡೆಯ ಪ್ರಸಿದ್ಧವಾದ ಒತ್ತಾಯವು ಮೊದಲಾಯಿತು. ನಮ್ಮಲ್ಲಿ ಮೊದಲನೆಯ 'ಸಾಕು' ಸಂಕೋಚದ್ದು, ಎರಡನೆಯದು ಮರ್ಯಾದೆಯದು, ಮೂರನೆಯದು ಮಾತ್ರ ಹೊಟ್ಟೆಯದು ಎಂಬುದನ್ನು ಇಲ್ಲಿಯವರೆಲ್ಲ ಬಲ್ಲರು. ಪಾಪ, ಅವರು ಹೇಗೆ ಬಲ್ಲರು? ಗಂಗಾಳದಲ್ಲಿ ಏನನ್ನೂ ಬಿಡಬಾರದೆಂದು ಅವರು ಬರಿದು ಮಾಡುವರು. ಬರಿದಾಯಿತೆಂದು ನಾವು ಮತ್ತೆ ಬಡಿಸುವೆವು. ನಾಲ್ಕನೆಯ ಹೋಳಿಗೆಯ ಹೊತ್ತಿಗೆ ಅವರ ಹಣೆಯ ಮೇಲೆ ಬೆವರು ಮೂಡಿದ್ದನ್ನು ಕಂಡು, ಗಂಗಾಳದ ಮೇಲೆ ಎರಡೂ ಕೈಗಳನ್ನು ಅಡ್ಡ ಹಿಡಿಯುವ ನಮ್ಮ ಉಪಾಯವನ್ನು ಹುಡುಗನು ಕಲಿಸಿಕೊಟ್ಟನು.

ಆಗ ಒಂದು ಸಂಗತಿ ನಡೆಯಿತು. ಅತ್ತೆಯವರ ಗಂಗಾಳದಲ್ಲಿ ಹೋಳಿಗೆ ಇಲ್ಲದ್ದನ್ನು ಅತಿಥಿಗಳು ಕಂಡರು. ತಮ್ಮ ಗಂಗಾಳದಲ್ಲಿ ಅರ್ಧ ತಿಂದು ಉಳಿದಿದ್ದ ಹೋಳಿಗೆಯಿಂದ ಒಂದು ಚೂರನ್ನು ಮುರಿದು, ಬಹು ವಿನಯದಿಂದ ಅತ್ತೆಯವರ ಗಂಗಾಳದಲ್ಲಿ ಇಟ್ಟುಬಿಟ್ಟರು! ಪಂಕ್ತಿಯೆಲ್ಲ ಸ್ತಬ್ಧವಾಯಿತು. ಕೊರಿಯಾದಲ್ಲಿ ಪಲ್ಯದ ಬಟ್ಟಲುಗಳು ಎಲ್ಲರ ನಡುವೆ ಇದ್ದು ಎಲ್ಲರೂ ಅವುಗಳಲ್ಲಿಯೇ ಕೈಯಿಕ್ಕುವರು. ಒಳ್ಳೆಯದೊಂದು ಚೂರನ್ನು ತೆಗೆದು ಇನ್ನೊಬ್ಬರ ಅನ್ನದ ಮೇಲೆ ಇಡುವದು ಪ್ರೀತಿಯ ಕುರುಹು. ನಮ್ಮಲ್ಲಿಯೋ ಅದು ಎಂಜಲು. ಎಂಬತ್ತು ವರುಷಗಳ ತನಕ ಮಡಿಯನ್ನು ಕಾಯ್ದುಕೊಂಡು ಬಂದ ನಮ್ಮ ಅತ್ತೆಯವರ ಗಂಗಾಳದಲ್ಲಿ ಅನ್ಯದೇಶದವರ ಎಂಜಲು ಬಿದ್ದಿತು! ಹುಡುಗನ ಮುಖವು ಬಿಳಿಚಿತು. ನಾನು ಗಂಗಾಳವನ್ನು ಬದಲಿಸಲು ಏಳುವಷ್ಟರಲ್ಲಿ ಅತ್ತೆಯವರು ಕೈಯಿಂದ ನನ್ನನ್ನು ತಡೆದರು. "ಶಬರಿ ಎಂಜಲಾ ರಾಮದೇವರು ತಿಂದಾರ. ನಾ ಅವರಕಿಂತ ದೊಡ್ಡಾಕೇನ?" ಎನ್ನುತ್ತ ಆ ಚೂರನ್ನು ಬಾಯಿಗೆ ಹಾಕಿಕೊಂಡು, ಅತಿಥಿಗಳ ಕಡೆಗೆ ನೋಡಿ ನಕ್ಕರು. ಅವರಿಗೆ ನಡೆದದ್ದೇನೆಂಬುದು ತಿಳಿಯಲೇ ಇಲ್ಲ. ತಿಳಿಯಗೊಡಬಾರದೆಂದೇ ಅತ್ತೆಯವರು ನಕ್ಕದ್ದು.

ಮರುದಿನ ಅತಿಥಿಗಳನ್ನು ಕರೆದುಕೊಂಡು ಕಿತ್ತೂರಿಗೆ ಹೋದೆವು. ಪಾಳುಬಿದ್ದ ಅರಮನೆಯ ಗೋಡೆಗಳ ನಡುವೆ ನಿಂತು ಹುಡುಗನು ಅವರಿಗೆ ಹಳೆಯ ಕಥೆಯನ್ನು ಹೇಳಿದನು. ೧೮೨೪ನೆಯ ಇಸವಿಯ ಅಕ್ಟೋಬರ ೨೩ರಂದು ಧಾರವಾಡದ ಕಲೆಕ್ಟರನಾದ ಥ್ಯಾಕರೆಯು ಇದೇ ಕೋಟೆಯ ಎದುರಿಗೆ ಮಡಿದನು. ಅವನ ಸಹಾಯಕರಾದ ವಾಲ್ಟರ್ ಎಲಿಯಟ್ ಮತ್ತು ಸ್ಟೀವನ್ಸನ್ ಎಂಬ ಇಬ್ಬರು ಕಿತ್ತೂರಿನವರ ಕೈಗೆ ಸಿಕ್ಕರು. ಎಲಿಯಟ್ಟನಿಗೆ ಆಗ ಕೇವಲ ೨೧ ವರುಷ. ಶತ್ರುಗಳ ಸೆರೆಯಲ್ಲಿ, ತಿಳಿಯದ ರೀತಿನೀತಿಗಳ ನಡುವೆ ಅವರು ಕೆಲವು ವಾರಗಳನ್ನು ಕಳೆದರು. ರಾಣಿ ಚೆನ್ನಮ್ಮನವರು ಈ ಸೆರೆಯಾಳುಗಳನ್ನು ಹಿಂಸಿಸದೆ ಗೌರವದಿಂದ ನಡೆಯಿಸಿಕೊಂಡರೆಂದು ಇತಿಹಾಸಕಾರರು ಬರೆದಿದ್ದಾರೆ. ಡಿಸೆಂಬರದಲ್ಲಿ ಅವರ ಬಿಡುಗಡೆಯಾಯಿತು. ಮುಂದೆ ಇದೇ ಎಲಿಯಟ್ಟನು ಕನ್ನಡ ನಾಡಿನ ನೂರಾರು ಶಿಲಾಶಾಸನಗಳ ಪ್ರತಿಗಳನ್ನು ಕೂಡಿಸಿ, ಚಾಲುಕ್ಯರೇ ಮೊದಲಾದ ನಮ್ಮ ಅರಸರ ಇತಿಹಾಸವನ್ನು ಬೆಳಕಿಗೆ ತರುವ ಕಾರ್ಯದಲ್ಲಿ ಮೊದಲಿಗರಲ್ಲಿ ಒಬ್ಬನಾದನು. ರಾಣಿಯವರಾದರೋ ಅದೇ ಡಿಸೆಂಬರದಲ್ಲಿ ಕೋಟೆ ಬಿದ್ದ ಮೇಲೆ ಕುಂಪಣಿಯವರ ಸೆರೆಯಾಳಾಗಿ, ನಮ್ಮ ಬೈಲಹೊಂಗಲದಲ್ಲಿಯೇ ೧೮೨೯ರ ಫೆಬ್ರವರಿಯಲ್ಲಿ ತೀರಿಕೊಂಡರು. ಅವರ ಸಮಾಧಿಯು ಇಂದಿಗೂ ನಮ್ಮೂರಿನಲ್ಲಿದೆ. ಯುದ್ಧದ ನಡುವೆಯೂ ಮನೆಯ ಮರ್ಯಾದೆಯನ್ನು ಬಿಡದವರ ನಾಡು ಇದೆಂದು ಹೇಳುವಾಗ ನನ್ನ ಮನಸ್ಸಿನಲ್ಲಿ ಹೆಮ್ಮೆ ತುಂಬಿತ್ತು. ಆ ಹೆಮ್ಮೆಯು ಒಂದು ದಿನವೂ ನಿಲ್ಲಲಿಲ್ಲ.

ಮೂರನೆಯ ದಿನ ಸವದತ್ತಿಗೆ ಹೊರಟೆವು. ಬನದ ಹುಣ್ಣಿಮೆಯ ಜಾತ್ರೆಯ ಕಾಲ. ಎಲ್ಲಮ್ಮನ ಗುಡ್ಡದ ದಾರಿಯಲ್ಲಿ ಎತ್ತಿನ ಚಕ್ಕಡಿಗಳು, ಮೋಟಾರುಗಳು, 'ಉಧೋ ಉಧೋ' ಎಂಬ ಘೋಷ, ಮೈಯೆಲ್ಲ ಭಂಡಾರ. ಮೂರು ಕಲ್ಲುಗಳನ್ನು ಹೂಡಿ ಒಲೆ ಮಾಡಿ, ಬಯಲಿನಲ್ಲಿಯೇ ಅಡಿಗೆ ಮಾಡಿ, ದೇವಿಗೆ ನೈವೇದ್ಯ ತೋರಿಸಿ, ಪಡ್ಡಲಗಿ ತುಂಬಿಸಿ, ಕೂಡಿ ಉಣ್ಣುತ್ತಿದ್ದ ಕುಟುಂಬಗಳನ್ನು ಅತಿಥಿಗಳು ಕಣ್ಣು ತುಂಬ ನೋಡಿದರು. ಗುರುತು ಪರಿಚಯವಿಲ್ಲದ ಒಂದು ಕುಟುಂಬದವರು ಕರೆದು ಹೋಳಿಗೆ ಕೊಟ್ಟರು. ಕಳೆದೆರಡು ದಿನಗಳಿಂದ ಪಕ್ವವಾಗಿದ್ದ ಅತಿಥಿಗಳು ಒಂದನ್ನೇ ತೆಗೆದುಕೊಂಡು, ಎರಡನೆಯದಕ್ಕೆ ಕೈ ಅಡ್ಡ ಹಿಡಿದು, "ಸಾಕ್ರಿ" ಎಂದರು. ಆ ಮಂದಿಗೆಲ್ಲ ಎಲ್ಲಿಲ್ಲದ ನಗೆ.

ಅಲ್ಲಿಂದ ರಾಮದುರ್ಗದ ಕಡೆಗೆ ಹೊರಟಾಗ, ದಾರಿಯಲ್ಲಿ ಒಂದು ಹಳ್ಳಿಯ ಹತ್ತಿರ ನಮ್ಮ ಮೋಟಾರಿನ ಗಾಲಿಯು ಗಾಳಿ ಬಿಟ್ಟಿತು. ಸಮೀಪದಲ್ಲಿ ಒಂದು ಬೇವಿನ ಗಿಡ, ಅದರ ಬದಿಗೆ ಒಂದು ಚಿಕ್ಕ ಮನೆ. ಊರ ಹೊರಗಿನ ಕೇರಿಯ ಮೊದಲ ಮನೆಯು ಅದು. ಒಬ್ಬ ಮುದುಕಿಯು ನಮ್ಮನ್ನು ನೆರಳಿಗೆ ಕರೆದು, ಕಂಬಳಿ ಹಾಸಿ, ಬೆಳಗಿದ ತಂಬಿಗೆಯಲ್ಲಿ ನೀರನ್ನೂ ತಾಟಿನಲ್ಲಿ ಬೆಲ್ಲವನ್ನೂ ತಂದಿಟ್ಟಳು. ನೀರು ಬದಲಾದರೆ ಹೊಟ್ಟೆ ಕೆಡುವದೆಂದು ಮನೆಯಿಂದ ಹೊರಡುವಾಗಲೇ ನಾನು ಅತಿಥಿಗಳಿಗೆ ಎಚ್ಚರಿಸಿದ್ದೆನು. ಅದರಂತೆ ಅವರು ಕೈಮುಗಿದು ಬೇಡವೆಂದು ತಲೆಯಾಡಿಸಿದರು. ತಂಬಿಗೆಯು ನನ್ನ ಕಡೆಗೆ ಬಂದಿತು. ನಾನೂ, "ಬ್ಯಾಡವಾ, ಈಗ ಕುಡದೇವಿ" ಎಂದೆನು.

ಮುದುಕಿಯು ಸಿಟ್ಟಾಗಲಿಲ್ಲ. ತಂಬಿಗೆಯನ್ನು ಎತ್ತಿಕೊಂಡು, "ಇರ್ಲಿ ಬಿಡ್ರೀ ಎವ್ವಾ. ದೊಡ್ಡ ಮಂದಿ ಮೊದಲಿನಿಂದನೂ ನಮ್ಮ ನೀರು ಕುಡದಿಲ್ಲ" ಎಂದಳು.

ಆಕೆ ಏನೆಂದಳೆಂದು ಅತಿಥಿಗಳು ಕೇಳಿದರು. ಹುಡುಗನು ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ಇದ್ದದ್ದನ್ನು ಇದ್ದಂತೆ ಹೇಳಿದನು. ಅವರ ಮುಖವು ಕೆಂಪೇರಿತು. ಎದ್ದು ಮುದುಕಿಯ ಮುಂದೆ ಬಾಗಿ ನಿಂತು, ತಮ್ಮ ಹೊಟ್ಟೆಯು ಬಲವಿಲ್ಲದ್ದು, ಹೊಸ ನೀರನ್ನು ತಾಳಲಾರದು, ಒಲೆಯ ಮೇಲೆ ಕುದಿಸಿದ ಚಹಾ ಕೊಟ್ಟರೆ ಸಂತೋಷದಿಂದ ಕುಡಿಯುವೆನೆಂದು ಹುಡುಗನ ಬಾಯಿಂದ ಹೇಳಿಸಿದರು. ಮುದುಕಿಯು ಅವರನ್ನು ಒಮ್ಮೆ ದಿಟ್ಟಿಸಿ ನೋಡಿ ಒಳಗೆ ಹೋಗಿ ಬೆಲ್ಲದ ಚಹಾ ಮಾಡಿ ತಂದಳು. ಹಿರಿಯರಿಂದ ಪಡೆಯುವ ತಮ್ಮ ದೇಶದ ಪದ್ಧತಿಯಂತೆ ಅತಿಥಿಗಳು ಅದನ್ನು ಎರಡೂ ಕೈಗಳಿಂದ ತೆಗೆದುಕೊಂಡರು. ಹಾಗೆ ತೆಗೆದುಕೊಂಡದ್ದನ್ನು ಕಂಡು ಆಕೆಯ ಕಣ್ಣುಗಳು ತುಂಬಿದವು.

ಅವರಿಗೆ ಹೊಟ್ಟೆಯ ಭಯವಿತ್ತು. ನನಗೆ ಯಾವ ಭಯವಿತ್ತು? ನಲ್ಲಿಯ ನೀರನ್ನೂ ಬಾವಿಯ ನೀರನ್ನೂ ಜನ್ಮವಿಡೀ ಕುಡಿದು ಬೆಳೆದವಳು ನಾನು. ಬಾಯಿ ಒಣಗಿತ್ತು, ಕುಡಿದಿದ್ದೇನೆಂದು ಆಡಿದ್ದು ಸುಳ್ಳು. ವಿಚಾರ ಮಾಡಿ 'ಬೇಡ' ಅಂದಿದ್ದರೆ ಅದಕ್ಕೊಂದು ಕಾರಣವನ್ನಾದರೂ ಕೊಡಬಹುದಾಗಿತ್ತು. ವಿಚಾರ ಮಾಡುವ ಮೊದಲೇ ಬಾಯಿಂದ ಬಂದ ಆ 'ಬೇಡ' ನನ್ನ ಹಿಂದಿನ ಹತ್ತು ತಲೆಗಳಿಂದ ಬಂದದ್ದಾಗಿತ್ತು. ಮನೆಗೆ ಬಂದವರನ್ನು ಹೇಗಿದ್ದೀರೆಂದು ವಿಚಾರಿಸಿದರೆ, ಕುಳ್ಳಿರಿ ಎಂದರೆ ಸಿರಿವಂತರು ಕಳೆದುಕೊಳ್ಳುವದೇನೆಂದು ಹನ್ನೆರಡನೆಯ ಶತಮಾನದಲ್ಲಿಯೇ ಬಸವಣ್ಣನವರು ಕೇಳಿದರು. ೧೯೫೦ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನವು ಅಸ್ಪೃಶ್ಯತೆಯನ್ನು ರದ್ದುಪಡಿಸಿತು. ಇವೆರಡನ್ನೂ ಬಲ್ಲ ನಾನು ಒಂದು ತಂಬಿಗೆ ನೀರನ್ನು ತಿರುಗಿ ಕಳಿಸಿದ್ದೆನು. ಆ ತಂಬಿಗೆಯನ್ನು ಬೇಡಿ ತರಿಸಿಕೊಂಡು ಕುಡಿದೆನು. ನೀರು ತಣ್ಣಗಿತ್ತು. ಆದರೆ ಕೇಳಿ ಕುಡಿದದ್ದಕ್ಕೂ ಕೊಟ್ಟಾಗ ಕುಡಿಯುವದಕ್ಕೂ ಇರುವ ಅಂತರವನ್ನು ಆಕೆಯೂ ಬಲ್ಲಳು, ನಾನೂ ಬಲ್ಲೆನು.

ಗಾಲಿ ಸರಿಯಾದ ಮೇಲೆ ರಾಮದುರ್ಗ ತಾಲೂಕಿನ ಸುರೇಬಾನದ ಹತ್ತಿರವಿರುವ ಶಬರಿಕೊಳ್ಳಕ್ಕೆ ಹೋದೆವು. ಶಬರಿಯು ರಾಮನ ದಾರಿಯನ್ನು ಕಾಯುತ್ತ ಕುಳಿತದ್ದು ಇಲ್ಲಿಯೇ ಎಂದು ಈ ಕಡೆಯ ಜನರ ನಂಬಿಕೆ. ಸಿಹಿಯಾಗಿವೆಯೋ ಇಲ್ಲವೋ ಎಂದು ಬಾರಿಹಣ್ಣುಗಳನ್ನು ತಾನು ಕಚ್ಚಿ ನೋಡಿ ಆಕೆ ಕೊಟ್ಟಳು, ಅವನು ತಿಂದನು. ಅತಿಥಿಗಳಿಗೆ ಆ ಕಥೆಯನ್ನು ಹೇಳುತ್ತ ಹುಡುಗನು ಮೊದಲ ದಿನದ ಹೋಳಿಗೆಯ ಚೂರಿನ ಗುಟ್ಟನ್ನೂ ಹೇಳಿಬಿಟ್ಟನು. ಅವರು ತಲೆಯ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ಕುಳಿತರು. ಆಮೇಲೆ, "ನಿನ್ನ ಕಡ್ಡಿಗಳ ಋಣವನ್ನು ನಿಮ್ಮ ಅಜ್ಜಿ ತೀರಿಸಿದರು" ಎಂದರಂತೆ.

ಭಗಿನಿಯರೇ, ಇತ್ತೀಚೆಗೆ ನಮ್ಮ ಮಕ್ಕಳು ದೂರದ ದೇಶಗಳಿಗೆ ಹೋಗುತ್ತಿದ್ದಾರೆ; ಆ ದೇಶಗಳ ಜನರು ನಮ್ಮ ಮನೆಗಳಿಗೆ ಬರುತ್ತಿದ್ದಾರೆ. ಇಂಥ ಸಮಯಕ್ಕೆ ಅನುಭವದಿಂದ ತಿಳಿದ ನಾಲ್ಕು ಮಾತುಗಳನ್ನು ಹೇಳಿ ಮುಗಿಸುವೆನು. ಹೋಗುವ ಮಕ್ಕಳಿಗೆ, ಉಣ್ಣಬಾರದ್ದು ಯಾವುದೆಂಬುದನ್ನು ಎಡೆಯ ಮುಂದೆ ಕುಳಿತ ಮೇಲೆ ಹೇಳದೆ, ಕರೆ ಬಂದಾಗಲೇ ಕಾರಣಸಹಿತವಾಗಿ ತಿಳಿಸಲು ಕಲಿಸಿರಿ. ಏನು ಮಾಡಬೇಕೆಂದು ತಿಳಿಯದಾಗ ಮನೆಯ ಹಿರಿಯರನ್ನು ನೋಡಿ ಅವರಂತೆಯೇ ಮಾಡಲಿ. ಬರುವ ಅತಿಥಿಗಳಿಗೆ ಕುದಿಸಿ ಆರಿಸಿದ ನೀರನ್ನು ಕೇಳುವ ಮೊದಲೇ ಇಟ್ಟರೆ ಅವರು 'ಬೇಡ' ಅನ್ನುವ ಪ್ರಸಂಗವೇ ಬರುವದಿಲ್ಲ. ಅವರ ಎರಡನೆಯ 'ಸಾಕು' ಎಂಬುದನ್ನು ನಿಜವೆಂದು ನಂಬಿರಿ. ಒತ್ತಾಯವು ಪ್ರೀತಿಯೇ ಆದರೂ ಹೊಟ್ಟೆಯು ಪ್ರೀತಿಯನ್ನು ಅರಿಯದು. ಅವರು ತಪ್ಪಿದಾಗ ನಗಬೇಡಿರಿ. ಕಡ್ಡಿಗಳನ್ನು ಮೆಲ್ಲಗೆ ತೆಗೆದಿಟ್ಟ ಆ ಯಜಮಾನರನ್ನು ನೆನೆಯಿರಿ. ಎಲ್ಲಕ್ಕೂ ಮಿಗಿಲಾಗಿ, ಪರದೇಶದವರ ಪಂಕ್ತಿಯ ನೀತಿಯನ್ನು ಕಲಿಯುವ ಉತ್ಸಾಹದಲ್ಲಿ, ನಮ್ಮದೇ ಊರಿನ ಇನ್ನೊಂದು ಕೇರಿಯ ಹೊಸ್ತಿಲಿನಲ್ಲಿ ನಾವು ಪರದೇಶದವರಂತೆ ನಿಲ್ಲುತ್ತಿಲ್ಲವೇ ಎಂದು ಒಮ್ಮೆ ನೋಡಿಕೊಳ್ಳಿರಿ.

ಊರಿಗೆ ಮರಳಿ ಬಂದು ಅತ್ತೆಯವರಿಗೆ ನೀರಿನ ಸಂಗತಿಯನ್ನು ಹೇಳಿದೆನು. ಅವರು ಬಹಳ ಹೊತ್ತು ಮಾತಾಡಲಿಲ್ಲ. "ಹಂಗಾರ ಮುಂದಿನ ಹುಣ್ಣಿವಿಗೆ ನಾನೂ ಬರ್ತೀನಿ. ಆ ಮನಿ ಮುಂದ ಗಾಡಿ ನಿಂದರ್ಸು" ಎಂದಷ್ಟೇ ಅಂದರು.

ಮರುದಿನ ನಸುಕಿನಲ್ಲಿ ಅತಿಥಿಗಳು ಹೊರಟರು. ನಮ್ಮಲ್ಲಿ ಹೊರಡುವವರು 'ಹೋಗುತ್ತೇನೆ' ಅನ್ನಬಾರದು, 'ಹೋಗಿ ಬರುತ್ತೇನೆ' ಅನ್ನಬೇಕೆಂದು ಹುಡುಗನು ಕಲಿಸಿದ್ದನು. ಕಲಿಸುವ ಅವಶ್ಯಕತೆಯೇ ಇರಲಿಲ್ಲವಂತೆ. ಕೊರಿಯಾದ ಮಕ್ಕಳೂ ಬೆಳಿಗ್ಗೆ ಮನೆಯಿಂದ ಹೊರಬೀಳುವಾಗ ತಾಯಿಗೆ ಇದೇ ಅರ್ಥದ ಮಾತನ್ನು ಹೇಳುತ್ತಾರೆ. ಹೊಸ್ತಿಲಿನ ಹೊರಗೆ ನಿಂತು, ಅತ್ತೆಯವರಿಗೆ ಬಾಗಿ ವಂದಿಸಿ, ಅವರು ಒಂದೊಂದೇ ಅಕ್ಷರವನ್ನು ಹೆಕ್ಕಿ, "ಹೋಗಿ ಬರತೇನ್ರಿ" ಎಂದರು. ಅತ್ತೆಯವರು ಅವರ ಎರಡೂ ಕೈಗಳಲ್ಲಿ ಬೆಲ್ಲದ ಒಂದು ಅಚ್ಚನ್ನು ಇಟ್ಟರು, ತಮ್ಮ ಎರಡೂ ಕೈಗಳಿಂದ.